ಪುಟ್ಟ ಮಗುವಿನ ಸ್ಲೀಪ್ ಸ್ಟಡಿ ರಿಪೋರ್ಟ್: ಎಎಚ್‌ಐ ಒಂದನ್ನೇ ನೋಡಿ ಫೈಲು ಮುಚ್ಚಬೇಡಿ

ಮಗು ಮಲಗಿದ್ದಾಗ ಅದರ ಉಸಿರು, ಆಮ್ಲಜನಕ, ಮೆದುಳಿನ ಅಲೆಗಳನ್ನು ರಾತ್ರಿಯಿಡೀ ದಾಖಲಿಸುವ ಪರೀಕ್ಷೆಯೇ ಸ್ಲೀಪ್ ಸ್ಟಡಿ. ಅದರ ರಿಪೋರ್ಟ್ ಕೈಗೆ ಬಂದಾಗ ಅಪ್ಪ-ಅಮ್ಮನ ಕಣ್ಣು ಮೊದಲು ಹೋಗುವುದು ಎಎಚ್‌ಐ ಎಂಬ ಅಂಕಿಯ ಮೇಲೆ. ನಿದ್ದೆಯ ಪ್ರತಿ ಗಂಟೆಗೆ ಉಸಿರು ಎಷ್ಟು ಸಲ ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು. ಅದರ ಅರ್ಥವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವ ಪಟ್ಟಿ ಇದು: 5ಕ್ಕಿಂತ ಕಡಿಮೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮಗುವಿನದು 4.2 ಇದ್ದರೆ ‘ಸದ್ಯ, ಏನೂ ಇಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಪಟ್ಟಿ ದೊಡ್ಡವರದು. ಎರಡು ವರ್ಷದ ಮಗುವಿಗೆ 4.2 ಸಹಜವಲ್ಲ.

ಮಕ್ಕಳ ಪಟ್ಟಿಯೇ ಬೇರೆ. 1ಕ್ಕಿಂತ ಕಡಿಮೆ ಇದ್ದರೆ ಸಹಜ, 1ರಿಂದ 5ರವರೆಗೆ ಸೌಮ್ಯ, 5ರಿಂದ 10ರವರೆಗೆ ಮಧ್ಯಮ, 10 ಮತ್ತು ಮೇಲೆ ತೀವ್ರ. ಕೆಲವು ಕಡೆ ಸಹಜದ ಗೆರೆಯನ್ನು 1ರ ಬದಲು 1.5 ಅಥವಾ 2ಕ್ಕೆ ಎಳೆಯುತ್ತಾರೆ, ಮೇಲಿನ ಗೆರೆಗಳು ಬಹುತೇಕ ಎಲ್ಲೆಡೆ ಇವೇ. ರಿಪೋರ್ಟ್ ತಯಾರಿಸುವ ಸಾಫ್ಟ್‌ವೇರ್ ಮಗುವಿನ ಹಾಳೆಯ ಅಂಚಿನಲ್ಲೂ ದೊಡ್ಡವರ ಪಟ್ಟಿಯನ್ನೇ ಅಚ್ಚು ಹಾಕಿಬಿಡುವುದುಂಟು. ಮಕ್ಕಳ ನಿಯಮದ ಪ್ರಕಾರ ಸ್ಕೋರ್ ಮಾಡಲಾಗಿದೆ ಎಂದು ಎಲ್ಲಾದರೂ ಬರೆದಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕೇಳಲೇಬೇಕಾದ ಮೊದಲ ಪ್ರಶ್ನೆ ಅದು.

ಯಾಕೆಂದರೆ ಎಣಿಸುವ ರೀತಿಯೇ ಬೇರೆ. ದೊಡ್ಡವರಲ್ಲಿ ಉಸಿರು ಕನಿಷ್ಠ 10 ಸೆಕೆಂಡ್ ನಿಂತರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಮಕ್ಕಳಲ್ಲಿ ಉಸಿರಿನ ದಾರಿ ಕಟ್ಟಿಕೊಂಡು ಎರಡು ಉಸಿರಿನಷ್ಟು ಹೊತ್ತು ಗಾಳಿ ನಿಂತರೆ ಸಾಕು. ನಿದ್ದೆಯಲ್ಲಿ ನಿಮಿಷಕ್ಕೆ 24 ಸಲ ಉಸಿರಾಡುವ ಮಗುವಿಗೆ ಎರಡು ಉಸಿರೆಂದರೆ ಬರೀ 5 ಸೆಕೆಂಡ್. ಇದು ಅತಿಸೂಕ್ಷ್ಮವಾಯಿತು ಅನ್ನಿಸಬಹುದು. ಆದರೆ ಪುಟ್ಟ ಶ್ವಾಸಕೋಶದಲ್ಲಿ ಗಾಳಿಯ ದಾಸ್ತಾನು ಕಡಿಮೆ, ಕಿಲೋ ತೂಕಕ್ಕೆ ಮಗು ಖರ್ಚು ಮಾಡುವ ಆಮ್ಲಜನಕ ದೊಡ್ಡವರಿಗಿಂತ ಹೆಚ್ಚು. ದೊಡ್ಡವರು ಗಮನಿಸದೆ ದಾಟಿಬಿಡುವಷ್ಟು ಸಣ್ಣ ತಡೆಯೂ ಮಗುವಿನ ರಕ್ತದ ಆಮ್ಲಜನಕವನ್ನು ಕೆಳಗೆಳೆಯಬಲ್ಲದು.

ಮೊದಲು ರಾತ್ರಿ, ಆಮೇಲೆ ಅಂಕಿ

ಎಎಚ್‌ಐಗೆ ಹೋಗುವ ಮುಂಚೆ ಮೊದಲ ಪುಟದ ನೀರಸ ಸಾಲುಗಳನ್ನು ಓದಿ. ದೀಪ ಆರಿಸಿದ್ದು ಯಾವಾಗ, ಬೆಳಗ್ಗೆ ಎಬ್ಬಿಸಿದ್ದು ಯಾವಾಗ, ಅದರಲ್ಲಿ ಮಗು ನಿಜಕ್ಕೂ ನಿದ್ದೆ ಮಾಡಿದ್ದು ಎಷ್ಟು ಹೊತ್ತು, ಅದರಲ್ಲಿ ರೆಮ್ ನಿದ್ದೆ ಎಷ್ಟು ನಿಮಿಷ. ರೆಮ್ ಎಂದರೆ ಕಣ್ಣುಗುಡ್ಡೆ ಮುಚ್ಚಿದ ರೆಪ್ಪೆಯೊಳಗೆ ಓಡಾಡುವ, ಕನಸು ಬೀಳುವ ಹಂತ. ಈ ಹಂತದಲ್ಲಿ ಗಂಟಲನ್ನು ತೆರೆದಿಡುವ ಸ್ನಾಯುಗಳೂ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಸಡಿಲಾಗುತ್ತವೆ. ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿರುವ ಗ್ರಂಥಿ) ದಪ್ಪಗಿರುವ ಮಗುವಿನ ಗಂಟಲು ಎಚ್ಚರದಲ್ಲಿ, ಆಳ ನಿದ್ದೆಯಲ್ಲಿ ಹೇಗೋ ಸುಧಾರಿಸಿಕೊಂಡು ರೆಮ್ ಬಂದ ಕೂಡಲೇ ಕಟ್ಟಿಕೊಳ್ಳುವುದು ಇದಕ್ಕೇ. ರೆಮ್ ಹೆಚ್ಚಾಗಿ ಬರುವುದು ರಾತ್ರಿಯ ಎರಡನೇ ಅರ್ಧದಲ್ಲಿ, ಬೆಳಗಿನ ಜಾವಕ್ಕೆ. ಮಲಗಿಸಿದ ಮೊದಲ ಎರಡು ಗಂಟೆ ಪಕ್ಕದಲ್ಲಿ ಕೂತು ನೋಡಿ ‘ಚೆನ್ನಾಗೇ ಉಸಿರಾಡುತ್ತಿದೆ’ ಎಂದುಕೊಂಡವರು ತಪ್ಪು ಹೊತ್ತಿನಲ್ಲಿ ನೋಡಿರುತ್ತಾರೆ.

ಮೈತುಂಬ ವೈರು, ಹೊಸ ಜಾಗ, ಮೂಗಿಗೆ ನಳಿಕೆ. ಮೊದಲ ರಾತ್ರಿ ನಿದ್ದೆ ಕೆಡುವುದು ಸಹಜ, ಕೆಡುವಾಗ ಮೊದಲು ಕಡಿಮೆಯಾಗುವುದರಲ್ಲಿ ರೆಮ್ ಕೂಡ ಒಂದು. ಅದು ಅಂಕಿಯನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಕಾಲ್ಪನಿಕ ರಿಪೋರ್ಟೊಂದರಿಂದ ನೋಡೋಣ.

ಮಗು ಒಟ್ಟು 7.5 ಗಂಟೆ ಮಲಗಿದೆ. ದಾರಿ ಪೂರ್ತಿ ಕಟ್ಟಿಕೊಂಡ ಉಸಿರುಗಟ್ಟುವಿಕೆ 12, ಮಿಶ್ರ ಬಗೆಯದು 2, ಅರೆಬರೆ ಕಟ್ಟಿಕೊಂಡ ಹೈಪಾಪ್ನಿಯಾ 31, ಮೆದುಳಿನ ಸೂಚನೆಯೇ ಬರದೆ ಉಸಿರು ನಿಂತ ಸೆಂಟ್ರಲ್ ಬಗೆಯದು 9. ಎಲ್ಲ ಕೂಡಿಸಿದರೆ 54. ಅದನ್ನು 7.5ರಿಂದ ಭಾಗಿಸಿದರೆ ಎಎಚ್‌ಐ 7.2. ಆದರೆ ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. ದಾರಿ ಕಟ್ಟಿಕೊಂಡವು 45, ಗಂಟೆಗೆ 6. ಸೆಂಟ್ರಲ್ 9, ಗಂಟೆಗೆ 1.2. ಟಾನ್ಸಿಲ್ ವಿಷಯದಲ್ಲಿ ಡಾಕ್ಟರು ತೂಗಿ ನೋಡುವುದು ಆ 6ನ್ನು, 7.2ನ್ನಲ್ಲ. ರಿಪೋರ್ಟಿನಲ್ಲಿ ಅದು ಒಎಎಚ್‌ಐ, ಅಂದರೆ ಅಬ್‌ಸ್ಟ್ರಕ್ಟಿವ್ ಎಎಚ್‌ಐ ಎಂಬ ಹೆಸರಿನಲ್ಲಿ ಇರಬೇಕು. ಇಲ್ಲದಿದ್ದರೆ ಮೇಲಿನ ಹಾಗೆ ನೀವೇ ಭಾಗಿಸಿ ನೋಡಬಹುದು, ಎಣಿಕೆಗಳ ಕೋಷ್ಟಕ ಯಾವ ರಿಪೋರ್ಟಿನಲ್ಲೂ ಇರುತ್ತದೆ.

ಈಗ ಅದೇ 45ನ್ನು ಹಂತವಾರು ಹರಡೋಣ. ರೆಮ್ ನಿದ್ದೆ 1.5 ಗಂಟೆ, ಅದರಲ್ಲಿ 33 ಸಲ. ಅಂದರೆ ರೆಮ್‌ನ ಗಂಟೆಗೆ 22. ಉಳಿದ 6 ಗಂಟೆಯಲ್ಲಿ 12 ಸಲ, ಗಂಟೆಗೆ 2. ಒಟ್ಟು ಸರಾಸರಿ 6 ಎಂದು ಬರೆದ ಮಗು ಬೆಳಗಿನ ಜಾವದಲ್ಲಿ ಮೂರು ನಿಮಿಷಕ್ಕೊಮ್ಮೆ ಕಟ್ಟಿಕೊಳ್ಳುತ್ತಿದೆ, ಉಳಿದ ಹೊತ್ತು ಬಹುಪಾಲು ನೆಮ್ಮದಿಯಾಗಿದೆ.

ಇದೇ ಮಗು ಆ ರಾತ್ರಿ ರಚ್ಚೆ ಹಿಡಿದು, ರೆಮ್ ಅರ್ಧ ಗಂಟೆ ಮಾತ್ರ ಸಿಕ್ಕಿದ್ದರೆ? ರೆಮ್‌ನಲ್ಲಿ 11, ಉಳಿದ 7 ಗಂಟೆಯಲ್ಲಿ 14, ಒಟ್ಟು 25. ಭಾಗಿಸಿದರೆ 3.3. ಮಗು ಅದೇ, ಗಂಟಲು ಅದೇ, ಆದರೆ ಹಣೆಪಟ್ಟಿ ‘ಮಧ್ಯಮ’ದಿಂದ ‘ಸೌಮ್ಯ’ಕ್ಕೆ ಇಳಿಯಿತು. ಆದ್ದರಿಂದ ಸೌಮ್ಯ ಅಥವಾ ಸಹಜ ಎಂಬ ಫಲಿತಾಂಶದ ಪಕ್ಕದಲ್ಲಿ ರೆಮ್ ನಿಮಿಷಗಳನ್ನು ಇಟ್ಟು ನೋಡಬೇಕು. ಈ ವಯಸ್ಸಿನಲ್ಲಿ ನಿದ್ದೆಯ ಐದನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ರೆಮ್ ಇರುವುದು ವಾಡಿಕೆ. ಶೇ 5ರಷ್ಟು ಮಾತ್ರ ಇದ್ದರೆ ಆ ‘ಸಹಜ’ವನ್ನು ಪೂರ್ತಿ ನಂಬುವ ಹಾಗಿಲ್ಲ. ತೀವ್ರ ಎಂದು ಬಂದ ಫಲಿತಾಂಶಕ್ಕೆ ಈ ಅನುಮಾನ ಅಷ್ಟು ತಾಗುವುದಿಲ್ಲ, ಕೆಟ್ಟ ರಾತ್ರಿಯಲ್ಲೂ ಅಷ್ಟು ಕಂಡಿದೆ ಎಂದಷ್ಟೇ ಅರ್ಥ.

ಇದಕ್ಕೊಂದು ಅಪವಾದ ನೆಗಡಿ. ಮೂಗು ಕಟ್ಟಿ ಸುರಿಯುತ್ತಿರುವಾಗ ಮಾಡಿಸಿದ ಪರೀಕ್ಷೆ ಇಲ್ಲದ ತೊಂದರೆಯನ್ನು ತೋರಿಸಬಹುದು, ಇರುವುದನ್ನು ದೊಡ್ಡದು ಮಾಡಬಹುದು. ನೆಗಡಿ, ಜ್ವರ ಇದ್ದರೆ ತಾರೀಕು ಮುಂದಕ್ಕೆ ಹಾಕಿಸುವುದೇ ಒಳ್ಳೆಯದು. ಮಾಡಿಯೇ ಆಗಿದ್ದರೆ ಅದನ್ನು ಡಾಕ್ಟರ ಕಿವಿಗೆ ಹಾಕಿ. ಟೆಕ್ನಿಷಿಯನ್ ಬರೆದ ಟಿಪ್ಪಣಿಯನ್ನೂ ಓದಿ: ‘ರಾತ್ರಿ 2ರಿಂದ ಮೂಗಿನ ನಳಿಕೆ ಕಿತ್ತುಕೊಂಡಿತು’, ‘ತಾಯಿಯ ಎದೆ ಮೇಲೆ ಮಲಗಿತ್ತು’, ‘ಬೆಳಗಿನ 3ಕ್ಕೆ ಆಮ್ಲಜನಕ ಕೊಡಲಾಯಿತು’. ಆಮ್ಲಜನಕ ಕೊಟ್ಟ ಮೇಲಿನ ಗಂಟೆಗಳಲ್ಲಿ ಮಟ್ಟ ಇಳಿಯುವುದು ಕಡಿಮೆಯಾಗುತ್ತದೆ, ಅದರ ಜತೆಗೆ ಎಣಿಕೆಗೆ ಬರುವ ಹೈಪಾಪ್ನಿಯಾಗಳೂ ಕಡಿಮೆಯಾಗುತ್ತವೆ. ಕೊಡುವ ಮುಂಚಿನ, ಕೊಟ್ಟ ನಂತರದ ಅಂಕಿಗಳು ಬೇರೆ ಬೇರೆ ಇರಬೇಕು.

ಯಾವ ಬಗೆಯ ಉಸಿರುಗಟ್ಟುವಿಕೆ

ಎದೆಗೊಂದು ಬೆಲ್ಟ್, ಹೊಟ್ಟೆಗೊಂದು ಬೆಲ್ಟ್ ಕಟ್ಟಿರುವುದು ಇದನ್ನು ತಿಳಿಯಲಿಕ್ಕೇ. ಮೂಗಿನ ಬಳಿ ಗಾಳಿ ನಿಂತಿದೆ, ಆದರೆ ಬೆಲ್ಟ್‌ಗಳು ಏರಿಳಿಯುತ್ತಿವೆ ಅಂದರೆ ಮಗು ಉಸಿರೆಳೆಯಲು ಹೆಣಗುತ್ತಿದೆ, ದಾರಿ ಕಟ್ಟಿದೆ. ಇದು ಅಬ್‌ಸ್ಟ್ರಕ್ಟಿವ್. ಗಾಳಿಯೂ ಇಲ್ಲ, ಬೆಲ್ಟೂ ಅಲುಗುತ್ತಿಲ್ಲ ಅಂದರೆ ಸೆಂಟ್ರಲ್. ಮೊದಲು ಸುಮ್ಮನಿದ್ದು ಆಮೇಲೆ ಹೆಣಗಿದರೆ ಮಿಶ್ರ, ಅದನ್ನು ಅಬ್‌ಸ್ಟ್ರಕ್ಟಿವ್ ಜತೆಗೇ ಎಣಿಸುತ್ತಾರೆ.

ಅಬ್‌ಸ್ಟ್ರಕ್ಟಿವ್ ಉಸಿರುಗಟ್ಟುವಿಕೆ ಎನ್ನಲು ಗಾಳಿಯ ಹರಿವು ಶೇ 90ರಷ್ಟು ಇಳಿಯಬೇಕು. ಹೈಪಾಪ್ನಿಯಾಕ್ಕೆ ಶೇ 30 ಇಳಿದರೆ ಸಾಕು, ಆದರೆ ಜತೆಗೆ ಆಮ್ಲಜನಕ ಕನಿಷ್ಠ ಶೇ 3ರಷ್ಟು ಕುಸಿಯಬೇಕು ಅಥವಾ ಮೆದುಳಿನ ಅಲೆಯಲ್ಲಿ ಅರೆ-ಎಚ್ಚರ ಕಾಣಬೇಕು. ಪುಟ್ಟ ಮಕ್ಕಳ ರಿಪೋರ್ಟಿನಲ್ಲಿ ಹೈಪಾಪ್ನಿಯಾಗಳದೇ ಸಿಂಹಪಾಲು. ಅದನ್ನು ‘ಪೂರ್ತಿ ನಿಂತಿಲ್ಲವಲ್ಲ’ ಎಂದು ಕಡೆಗಣಿಸಬೇಡಿ, ಮಗುವಿನ ದೇಹಕ್ಕೆ ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ. ಹೈಪಾಪ್ನಿಯಾಗಳನ್ನು ಅಬ್‌ಸ್ಟ್ರಕ್ಟಿವ್, ಸೆಂಟ್ರಲ್ ಎಂದು ಬೇರ್ಪಡಿಸದ ಲ್ಯಾಬ್‌ಗಳೂ ಇವೆ. ಅಲ್ಲಿ ಎಲ್ಲವೂ ಅಬ್‌ಸ್ಟ್ರಕ್ಟಿವ್ ಖಾತೆಗೇ ಬೀಳುತ್ತವೆ.

ಇಲ್ಲಿ ಆಗುವ ತಾಂತ್ರಿಕ ಎಡವಟ್ಟು ಒಂದಿದೆ. ಮೂಗಿನ ನಳಿಕೆ ಅಳೆಯುವುದು ಮೂಗಿನ ಒತ್ತಡವನ್ನು ಮಾತ್ರ. ಅಡಿನಾಯ್ಡ್ ದಪ್ಪಗಿರುವ ಮಗು ಬಾಯಿಂದ ಉಸಿರಾಡಲು ಶುರುಮಾಡಿದರೆ ಆ ಗೆರೆ ಚಪ್ಪಟೆಯಾಗುತ್ತದೆ, ನೋಡುವವರಿಗೆ ಉಸಿರು ನಿಂತ ಹಾಗೆ ಕಾಣುತ್ತದೆ. ಅದಕ್ಕೇ ಮೂಗು-ಬಾಯಿ ಎರಡರ ಬಳಿಯ ಬಿಸಿ ಗಾಳಿಯನ್ನು ಗ್ರಹಿಸುವ ಇನ್ನೊಂದು ಸೆನ್ಸರ್ ಇಡುತ್ತಾರೆ. ಮಗು ಎರಡನ್ನೂ ಕಿತ್ತೆಸೆದಿದ್ದರೆ ಉಳಿಯುವುದು ಬೆಲ್ಟ್‌ಗಳಿಂದ ಮಾಡುವ ಅಂದಾಜು.

ಬೆಲ್ಟ್‌ಗಳ ಬಗ್ಗೆಯೇ ಇನ್ನೊಂದು ಮಾತು. ರಿಪೋರ್ಟಿನ ವಿವರಣೆಯಲ್ಲಿ ‘ಪ್ಯಾರಡಾಕ್ಸಿಕಲ್ ಉಸಿರಾಟ ಕಂಡಿದೆ’ ಎಂದಿರಬಹುದು. ಹೊಟ್ಟೆ ಉಬ್ಬುವಾಗ ಎದೆ ಒಳಕ್ಕೆ ಹೋಗುವುದು ಎಂದು ಅದರ ಅರ್ಥ. ದೊಡ್ಡ ಮಗುವಿನಲ್ಲಿ ಇದು ದಾರಿ ಕಟ್ಟಿದ್ದರ ಲಕ್ಷಣ. ಆದರೆ ಎದೆಗೂಡಿನ ಮೂಳೆ ಇನ್ನೂ ಮೆದುವಾಗಿರುವ ಸುಮಾರು ಮೂರು ವರ್ಷದವರೆಗೆ ರೆಮ್ ನಿದ್ದೆಯಲ್ಲಿ ಇದು ಸಹಜವಾಗಿಯೇ ಕಾಣಬಹುದು. ಅದೊಂದೇ ಸಾಲನ್ನು ಓದಿ ಗಾಬರಿಯಾಗಬೇಕಿಲ್ಲ. ರೆಮ್ ಅಲ್ಲದ ನಿದ್ದೆಯಲ್ಲೂ, ಗೊರಕೆಯ ಜತೆಗೂ ಇದೆ ಎಂದಿದ್ದರೆ ಆ ಮಾತು ಬೇರೆ.

ಸೆಂಟ್ರಲ್ ಎಂಬ ಪದ ಅಪ್ಪ-ಅಮ್ಮಂದಿರನ್ನು ಹೆದರಿಸುವಷ್ಟು ಇನ್ಯಾವುದೂ ಹೆದರಿಸುವುದಿಲ್ಲ. ‘ಮೆದುಳು ಉಸಿರಾಡಲು ಮರೆಯುತ್ತದೆ’ ಎಂಬ ವಿವರಣೆ ಅದಕ್ಕೆ ಕಾರಣ. ದೊಡ್ಡದೊಂದು ನಿಟ್ಟುಸಿರಿನ ನಂತರ, ಹೊರಳಿ ಮಲಗಿದ ಮೇಲೆ, ರೆಮ್‌ನಲ್ಲಿ ಕೆಲವು ಕ್ಷಣ ಉಸಿರು ನಿಲ್ಲುವುದು ಆರೋಗ್ಯವಂತ ಮಕ್ಕಳಲ್ಲೂ ಇದೆ. ಎಣಿಕೆಗೆ ಬರಬೇಕಾದರೆ 20 ಸೆಕೆಂಡ್ ನಿಲ್ಲಬೇಕು, ಅಥವಾ ಎರಡು ಉಸಿರಿನಷ್ಟು ನಿಂತು ಜತೆಗೆ ಶೇ 3ರ ಕುಸಿತವೋ ಅರೆ-ಎಚ್ಚರವೋ ಆಗಬೇಕು. ಒಂದು ವರ್ಷದೊಳಗಿನ ಕೂಸುಗಳಿಗೆ ಎದೆಬಡಿತ ಇಳಿಯುವುದನ್ನೂ ಸೇರಿಸುತ್ತಾರೆ. ಗಂಟೆಗೆ ಒಂದೆರಡು ಇದ್ದು, ಆಮ್ಲಜನಕ ಹೆಚ್ಚು ಇಳಿಯದಿದ್ದರೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಗಂಟೆಗೆ 5 ದಾಟಿದಾಗ, ಅಥವಾ ಪ್ರತಿ ಸಲವೂ ಆಳಕ್ಕೆ ಇಳಿಯುತ್ತಿದ್ದರೆ ಮೆದುಳಿನ ಕಾಂಡದ ಕಡೆ ಗಮನ ಹೋಗುತ್ತದೆ, ಎಂಆರ್‌ಐ ಮಾತು ಬರುವುದು ಆಗ. ಅಬ್‌ಸ್ಟ್ರಕ್ಟಿವ್ ತೊಂದರೆಯೂ ಜತೆಗಿರುವ ಮಕ್ಕಳಲ್ಲಿ ಟಾನ್ಸಿಲ್-ಅಡಿನಾಯ್ಡ್ ತೆಗೆದ ಮೇಲೆ ಸೆಂಟ್ರಲ್ ಎಣಿಕೆಯೂ ಇಳಿಯುವುದುಂಟು.

ಆಮ್ಲಜನಕದ ಸಾಲುಗಳು

ಇಲ್ಲಿ ಮೂರು ಅಂಕಿಗಳಿರುತ್ತವೆ: ನಿದ್ದೆಯಲ್ಲಿನ ಸರಾಸರಿ, ಅತಿ ಕೆಳಗಿನ ಮಟ್ಟ, ಶೇ 90ರ ಕೆಳಗೆ ಕಳೆದ ಹೊತ್ತು. ಎಲ್ಲರೂ ಹೆದರುವುದು ನಡುವಿನದಕ್ಕೆ. ನನ್ನ ಪ್ರಕಾರ ಮೂರರಲ್ಲಿ ಅತಿ ಹೆಚ್ಚು ಮೋಸ ಮಾಡುವುದೂ ಅದೇ. ಕಾಲ್ಬೆರಳಿಗೆ ಸುತ್ತಿದ ಸೆನ್ಸರನ್ನು ಮಗು ಒದ್ದಾಗ, ಪಟ್ಟಿ ಸಡಿಲವಾದಾಗ ಯಂತ್ರ ಒಂದೆರಡು ಸೆಕೆಂಡ್ 71 ಎಂದು ತೋರಿಸಬಹುದು. ಸ್ಕೋರ್ ಮಾಡುವವರು ನಾಡಿಯ ಅಲೆ ನೋಡಿ ಅಂಥವನ್ನು ತೆಗೆದುಹಾಕಬೇಕು, ಯಂತ್ರ ತಾನಾಗಿ ತಯಾರಿಸಿದ ಸಾರಾಂಶದಲ್ಲಿ ಅವು ಉಳಿದುಬಿಡುತ್ತವೆ. ‘ಅತಿ ಕೆಳಗಿನ ಮಟ್ಟ 71’ ಎಂದಿದ್ದು, 90ರ ಕೆಳಗಿನ ಹೊತ್ತು ಶೇ 0.0 ಎಂದಿದ್ದರೆ ಎರಡೂ ಒಂದಕ್ಕೊಂದು ಹೊಂದುತ್ತಿಲ್ಲ. ಆ ಕುಸಿತ ಯಾವ ಹೊತ್ತಿನಲ್ಲಿ ಆಯಿತು, ಆಗ ಉಸಿರಿನ ಗೆರೆಯಲ್ಲಿ ಏನಿತ್ತು ಎಂದು ಕೇಳಿ. ನಿಜವಾದ ಕುಸಿತವಾದರೆ ಅದರ ಹಿಂದೆಯೇ ಉಸಿರುಗಟ್ಟಿದ ಗುರುತು ಇರುತ್ತದೆ, ರೆಮ್‌ನಲ್ಲಿ ಸಾಲುಸಾಲಾಗಿ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ.

ಸರಾಸರಿ ಶೇ 95ಕ್ಕಿಂತ ಕೆಳಗಿದ್ದರೆ ಅದು ಬೇರೆಯೇ ಸುಳಿವು. ಕಟ್ಟಿಕೊಳ್ಳದ ಹೊತ್ತಿನಲ್ಲೂ ಮಟ್ಟ ಕೆಳಗೇ ಇದೆ ಎಂದರೆ ಶ್ವಾಸಕೋಶ, ಹೃದಯದ ಕಡೆಗೂ ನೋಡಬೇಕಾಗುತ್ತದೆ.

ಪೂರ್ತಿ ಸ್ಲೀಪ್ ಸ್ಟಡಿ ಸಿಗದೆ ಬರೀ ಆಕ್ಸಿಮೀಟರ್ ಕೊಟ್ಟು ಮನೆಯಲ್ಲೇ ಒಂದು ರಾತ್ರಿ ದಾಖಲಿಸಲು ಹೇಳುವುದೂ ಇದೆ. ಅದಕ್ಕೆ ಮೆಕ್‌ಗಿಲ್ ಸ್ಕೋರ್ ಎಂಬ ಅಳತೆ ಬಳಸುತ್ತಾರೆ: ಕುಸಿತಗಳು ಗುಂಪುಗುಂಪಾಗಿ ಬಂದು, ಮೂರು ಅಥವಾ ಹೆಚ್ಚು ಸಲ 90ರ ಕೆಳಗೆ ಹೋದರೆ 2, 85ರ ಕೆಳಗಾದರೆ 3, 80ರ ಕೆಳಗಾದರೆ 4. ಸ್ಕೋರ್ 1 ಎಂದು ಬಂದರೆ ಅದರ ಅರ್ಥ ‘ತೊಂದರೆ ಇಲ್ಲ’ ಎಂದಲ್ಲ, ‘ಇದರಿಂದ ಹೇಳಲಾಗದು’ ಎಂದು. ಆಮ್ಲಜನಕ ಇಳಿಯದೆಯೂ ಮಗು ರಾತ್ರಿಯಿಡೀ ಹೆಣಗಬಹುದು. ಕಾಲುಚೀಲದ ಹಾಗೆ ತೊಡಿಸುವ, ಮೊಬೈಲಿಗೆ ಸಂದೇಶ ಕಳಿಸುವ ಸಾಧನಗಳನ್ನಂತೂ ಈ ಪರೀಕ್ಷೆಗೆ ಬದಲಿ ಎಂದುಕೊಳ್ಳಬೇಡಿ.

ಎಲ್ಲರೂ ದಾಟಿಹೋಗುವ ಕಾರ್ಬನ್ ಡೈಆಕ್ಸೈಡ್

ಮಕ್ಕಳ ರಿಪೋರ್ಟಿನಲ್ಲಿ ಇದು ಇರಲೇಬೇಕು. ದೊಡ್ಡವರ ಗಂಟಲು ಕಟ್ಟಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಕೆಲವು ಪುಟ್ಟ ಮಕ್ಕಳದು ಹಾಗಲ್ಲ: ಪೂರ್ತಿ ಕಟ್ಟುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಹತ್ತಿಪ್ಪತ್ತು ನಿಮಿಷ ಒಂದೇ ಸಮ ಗೊರಕೆ ಹೊಡೆಯುತ್ತ, ಪಕ್ಕೆ ಒಳಕ್ಕೆಳೆಯುತ್ತ, ಸಾಲದಷ್ಟು ಗಾಳಿಯಲ್ಲಿ ಕಾಲ ಹಾಕುತ್ತವೆ. ಬಿಡಿಬಿಡಿಯಾಗಿ ಎಣಿಸಲು ಅಲ್ಲಿ ಏನೂ ಇರುವುದಿಲ್ಲ, ಎಎಚ್‌ಐ 1.6 ಎಂದು ಬರುತ್ತದೆ. ಆದರೆ ಹೊರಹೋಗದ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಕೂಡುತ್ತ ಹೋಗುತ್ತದೆ. ನಿದ್ದೆಯ ಶೇ 25ಕ್ಕಿಂತ ಹೆಚ್ಚು ಹೊತ್ತು ಅದು 50 ಮಿ.ಮೀ. ಪಾದರಸದ ಮೇಲಿದ್ದರೆ ಮಕ್ಕಳ ನಿಯಮದ ಪ್ರಕಾರ ಅದು ಹೈಪೊವೆಂಟಿಲೇಶನ್, ಅಂದರೆ ಸಾಲದ ಉಸಿರಾಟ. ಎಎಚ್‌ಐ ಸಣ್ಣದಿದ್ದರೂ ಇದನ್ನು ಸೌಮ್ಯ ಎನ್ನುವ ಹಾಗಿಲ್ಲ.

ಅಳೆಯುವ ದಾರಿ ಎರಡು, ಎರಡಕ್ಕೂ ಅದರದರ ಕಾಯಿಲೆ. ಮೂಗಿನ ನಳಿಕೆಯಿಂದ ಹೊರಬರುವ ಗಾಳಿಯಲ್ಲಿ ಅಳೆದರೆ ಸಿಂಬಳ ತುಂಬಿದಾಗ, ಬಾಯಿಂದ ಉಸಿರಾಡಿದಾಗ ಅಂಕಿ ಸುಳ್ಳೇ ಕಡಿಮೆ ತೋರುತ್ತದೆ. ಅಲೆಯ ತುದಿ ಮೇಜಿನ ಹಾಗೆ ಸಪಾಟಾಗಿ ಬಂದಿದ್ದರೆ ಮಾತ್ರ ಅದನ್ನು ನಂಬಬಹುದು. ಚರ್ಮಕ್ಕೆ ಅಂಟಿಸುವ ಬೆಚ್ಚಗಿನ ಸೆನ್ಸರ್ ಬಳಸಿದರೆ ಆ ತೊಂದರೆ ಇಲ್ಲ, ಆದರೆ ಅದು ನಿಧಾನ, ಹೊತ್ತು ಕಳೆದಂತೆ ಅಳತೆ ಜಾರುತ್ತದೆ, ಚರ್ಮ ಸುಡದಂತೆ ಜಾಗ ಬದಲಿಸುತ್ತಿರಬೇಕು. ರಿಪೋರ್ಟಿನಲ್ಲಿ ಈ ಸಾಲೇ ಇಲ್ಲದಿದ್ದರೆ, ‘ಅಳೆದಿದ್ದೀರಾ, ಅಳೆದದ್ದು ಸರಿಯಾಗಿ ಬಂದಿತ್ತೇ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಉಳಿದ ಸಾಲುಗಳನ್ನು ಬೇಗ ಮುಗಿಸೋಣ. ಅರೆ-ಎಚ್ಚರಗಳ ಎಣಿಕೆ ಕಡಿಮೆಯಿದೆ, ನಿದ್ದೆಯ ಹಂತಗಳು ಸರಿಯಿವೆ ಎಂದಿದ್ದರೆ ಅದರಿಂದ ಸಮಾಧಾನಪಡುವಂತಿಲ್ಲ. ಪುಟ್ಟ ಮಕ್ಕಳು ಉಸಿರುಗಟ್ಟಿದರೂ ದೊಡ್ಡವರಷ್ಟು ಸುಲಭವಾಗಿ ಎಚ್ಚರಗೊಳ್ಳುವುದಿಲ್ಲ. ಕಾಲು ಜಾಡಿಸುವ ಎಣಿಕೆ ಗಂಟೆಗೆ 5 ದಾಟಿದರೆ ರಕ್ತದಲ್ಲಿ ಫೆರಿಟಿನ್ (ಕಬ್ಬಿಣದ ದಾಸ್ತಾನಿನ ಅಳತೆ) ನೋಡಿಸುತ್ತಾರೆ, ಕಬ್ಬಿಣ ಕಡಿಮೆಯಿದ್ದರೆ ಅದನ್ನು ತುಂಬುತ್ತಾರೆ. ಟಾನ್ಸಿಲ್ ದಪ್ಪಕ್ಕೂ ಎಎಚ್‌ಐಗೂ ನೇರ ಲೆಕ್ಕವಿಲ್ಲ: ಬಾಯಿ ತೆರೆದರೆ ಟಾನ್ಸಿಲ್ಲೇ ಕಾಣದ ಮಗುವಿನ ಮೂಗಿನ ಹಿಂದೆ ಅಡಿನಾಯ್ಡ್ ದಾರಿ ಮುಚ್ಚಿ ಕೂತಿರಬಹುದು. ಉಸಿರೆಳೆಯುವಾಗ ಗೊರಕೆಗಿಂತ ಕೀರಲು ಸದ್ದು ಹೆಚ್ಚಿದ್ದರೆ ತೊಂದರೆ ಇನ್ನೂ ಕೆಳಗೆ, ಧ್ವನಿಪೆಟ್ಟಿಗೆಯ ಮೆದು ಭಾಗದಲ್ಲಿರಬಹುದು. ಇದನ್ನು ಮೊಬೈಲಿನಲ್ಲಿ ಚಿತ್ರಿಸಿ ತೋರಿಸುವುದು ಬಾಯಲ್ಲಿ ವಿವರಿಸುವುದಕ್ಕಿಂತ ಮೇಲು. ಬೆಳಗಿನ 4ರ ನಂತರ, ಎದೆ-ಹೊಟ್ಟೆ ಕಾಣುವ ಹಾಗೆ, ಸದ್ದು ಕೇಳುವ ಹಾಗೆ ಎರಡು ನಿಮಿಷ ಸಾಕು.

ಡಾಕ್ಟರ ಎದುರು ಕೂತಾಗ

ರಿಪೋರ್ಟ್ ಎಷ್ಟೇ ಸ್ಪಷ್ಟವಿದ್ದರೂ ನಿರ್ಧಾರ ಆಗುವುದು ಮಗುವನ್ನು ನೋಡಿ. ತೂಕ ಏರುತ್ತಿದೆಯೇ, ಹಗಲಲ್ಲಿ ಹೇಗಿರುತ್ತದೆ, ಊಟ ನುಂಗಲು ಕಷ್ಟವೇ, ಡೌನ್ ಸಿಂಡ್ರೋಮ್, ಮುಖದ ಮೂಳೆಯ ತೊಂದರೆ, ಸ್ನಾಯು ದೌರ್ಬಲ್ಯ ಇದೆಯೇ ಎಂಬುದೆಲ್ಲ ಅಂಕಿಯಷ್ಟೇ ತೂಗುತ್ತದೆ.

ಸೌಮ್ಯ ಎಂದಾದರೆ ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು ಕೆಲವು ವಾರ ನೋಡುವುದು ಒಂದು ದಾರಿ. ಜತೆಗೆ ಅಲರ್ಜಿ-ಅಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಎಂಬ ಔಷಧ ಬರೆದರೆ ಮಗುವಿನ ಸ್ವಭಾವ, ನಿದ್ದೆ, ಕನಸುಗಳ ಮೇಲೆ ಕಣ್ಣಿಡಿ. ಈ ಔಷಧದಿಂದ ಮನಸ್ಸಿನ ಮೇಲೆ ಆಗಬಹುದಾದ ಪರಿಣಾಮಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ತನ್ನ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿದೆ. ‘ಬೆಳೆದ ಹಾಗೆ ತಾನೇ ಹೋಗುತ್ತದೆ, ಅರ್ಧದಷ್ಟು ಮಕ್ಕಳಲ್ಲಿ ಹೋಗಿದೆ’ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದರ ಮೂಲ 2013ರಲ್ಲಿ ಪ್ರಕಟವಾದ ಚಾಟ್ ಎಂಬ ಅಧ್ಯಯನ: ಕಾದು ನೋಡಿದ ಗುಂಪಿನಲ್ಲಿ ಏಳು ತಿಂಗಳಿಗೆ ಶೇ 46ರಷ್ಟು ಮಕ್ಕಳ ಸ್ಲೀಪ್ ಸ್ಟಡಿ ಸಹಜಕ್ಕೆ ಬಂದಿತ್ತು, ಆಪರೇಶನ್ ಆದವರಲ್ಲಿ ಶೇ 79. ಆದರೆ ಆ ಮಕ್ಕಳು 5ರಿಂದ 9 ವರ್ಷದವರು. ಆಮ್ಲಜನಕ ಬಹಳ ಕುಸಿಯುವವರನ್ನು ಸೇರಿಸಿಕೊಂಡೇ ಇರಲಿಲ್ಲ. ಎರಡು ವರ್ಷದ ಮಗುವಿಗೆ ಆ ಶೇಕಡಾವಾರನ್ನು ಹಾಗೇ ಅಂಟಿಸುವುದು ಸರಿಯಲ್ಲ.

ಮಧ್ಯಮ, ತೀವ್ರ ಎಂದಾದಾಗ, ಟಾನ್ಸಿಲ್-ಅಡಿನಾಯ್ಡ್ ದಪ್ಪಗಿದ್ದರೆ, ಮೊದಲ ಆಯ್ಕೆ ಅವನ್ನು ತೆಗೆಸುವುದೇ. ರಿಪೋರ್ಟಿನ ಅಂಕಿಗಳು ಇಲ್ಲಿ ಇನ್ನೊಂದು ಕೆಲಸಕ್ಕೆ ಬರುತ್ತವೆ. ಮೂರು ವರ್ಷದೊಳಗಿನ ಮಗುವನ್ನು, ಅಥವಾ ಎಎಚ್‌ಐ 10 ಮುಟ್ಟಿದ, ಇಲ್ಲವೇ ಆಮ್ಲಜನಕ 80ರ ಕೆಳಗೆ ಇಳಿದ ಮಗುವನ್ನು ಆಪರೇಶನ್ ದಿನವೇ ಮನೆಗೆ ಕಳಿಸಬಾರದು, ರಾತ್ರಿ ನಿಗಾದಲ್ಲಿ ಇಟ್ಟುಕೊಳ್ಳಬೇಕು. ಗಂಟಲು ಊದಿಕೊಂಡಿರುತ್ತದೆ, ಅರಿವಳಿಕೆಯ ಅಮಲು ಇನ್ನೂ ಇರುತ್ತದೆ. ಅಷ್ಟೇ ಅಲ್ಲ, ರಾತ್ರಿರಾತ್ರಿ ಆಮ್ಲಜನಕ ಕುಸಿದು ರೂಢಿಯಾದ ಮಕ್ಕಳಲ್ಲಿ ಮಾರ್ಫಿನ್ ಜಾತಿಯ ನೋವಿನ ಔಷಧ ಸಣ್ಣ ಡೋಸಿನಲ್ಲೇ ಉಸಿರನ್ನು ತಗ್ಗಿಸುತ್ತದೆ. ಆದ್ದರಿಂದ ಈ ರಿಪೋರ್ಟ್ ಇಎನ್‌ಟಿ ಡಾಕ್ಟರ ಬಳಿ ಮಾತ್ರ ಇದ್ದರೆ ಸಾಲದು, ಅರಿವಳಿಕೆ ಕೊಡುವ ಡಾಕ್ಟರೂ ಓದಿರಬೇಕು. ಟಾನ್ಸಿಲ್ ಆಪರೇಶನ್ ನಂತರ ಮಕ್ಕಳಿಗೆ ಅದೇ ಜಾತಿಯ ಕೊಡೀನ್ ಬೇಡವೆಂದು ಎಫ್‌ಡಿಎ 2013ರಲ್ಲೇ ಹೇಳಿದೆ, ಟ್ರಮಡಾಲ್ ಕೂಡ ಬೇಡ. ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಇವೆರಡು ಹೆಸರು ಇಲ್ಲವೆಂದು ನೋಡಿಕೊಳ್ಳಿ. ಪ್ಯಾರಾಸಿಟಮಾಲ್ ತೂಕಕ್ಕೆ ತಕ್ಕ ಡೋಸಿನಲ್ಲಿ, ಹೊತ್ತುಹೊತ್ತಿಗೆ ಸರಿಯಾಗಿ ಕೊಟ್ಟರೆ ಬಹಳ ಮಟ್ಟಿಗೆ ಸಾಕಾಗುತ್ತದೆ.

ಆಪರೇಶನ್ ಮಾಡಲಾಗದ, ಇಲ್ಲವೇ ಮಾಡಿದರೂ ಗುಣವಾಗದ ಮಕ್ಕಳಿಗೆ ಸಿಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲನ್ನು ತೆರೆದಿಡುವ ಯಂತ್ರ. ಈ ವಯಸ್ಸಿನಲ್ಲಿ ಮಾಸ್ಕ್ ಒಪ್ಪಿಸಲು ವಾರಗಟ್ಟಲೆ ಹಿಡಿಯುತ್ತದೆ. ಮೊದಲು ಹಗಲಲ್ಲಿ ಯಂತ್ರ ಹಚ್ಚದೆ ಆಟಕ್ಕೆಂಬಂತೆ ಮಾಸ್ಕ್ ತೊಡಿಸಿ, ಆಮೇಲೆ ಗಾಳಿ ಬಿಟ್ಟು, ಕೊನೆಗೆ ನಿದ್ದೆಯಲ್ಲಿ ಹಾಕುವುದು ಕ್ರಮ. ಮಾಸ್ಕ್ ಒತ್ತಿ ಮುಖದ ನಡುಭಾಗದ ಬೆಳವಣಿಗೆ ಕುಂಠಿತವಾಗದಂತೆ ಆಗಾಗ ಪರೀಕ್ಷಿಸುತ್ತಿರಬೇಕು.

ರಿಪೋರ್ಟ್, ಅಪಾಯಿಂಟ್‌ಮೆಂಟ್ ಯಾವುದಕ್ಕೂ ಕಾಯದೆ ತುರ್ತು ವಿಭಾಗಕ್ಕೆ ಓಡಬೇಕಾದ ಸಂದರ್ಭಗಳಿವೆ: ತುಟಿ ನೀಲಿಯಾದರೆ, ಉಸಿರು ನಿಂತು ಮೈ ಜೋಲುಬಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಎಚ್ಚರವಿದ್ದಾಗಲೂ ಪಕ್ಕೆ-ಕುತ್ತಿಗೆ ಒಳಕ್ಕೆ ಸೆಳೆಯುತ್ತಿದ್ದರೆ.

ಆಪರೇಶನ್ ಆಗಿ ಆರೆಂಟು ವಾರಕ್ಕೆ ಮರುಭೇಟಿ ಇರುತ್ತದೆ. ಮೊದಲ ಫಲಿತಾಂಶ ತೀವ್ರವಿದ್ದರೆ, ಡೌನ್ ಸಿಂಡ್ರೋಮ್ ಅಥವಾ ಬೊಜ್ಜು ಇದ್ದರೆ, ಗೊರಕೆ ಉಳಿದಿದ್ದರೆ ಮತ್ತೊಮ್ಮೆ ಸ್ಲೀಪ್ ಸ್ಟಡಿ ಮಾಡಿಸುತ್ತಾರೆ. ಗಂಟಲಿನ ಗಾಯ ಮಾಯುವ ಮುಂಚೆ ಅವಸರಪಟ್ಟು ಮಾಡಿಸಿದರೆ ಊತವನ್ನೇ ಅಳೆದ ಹಾಗಾಗುತ್ತದೆ. ಹೊಸದು ಬಂದಾಗ ಹಳೆಯದನ್ನು ಪಕ್ಕದಲ್ಲಿಟ್ಟು ಓದಿ: ಎರಡೂ ಮಕ್ಕಳ ನಿಯಮದಲ್ಲೇ ಸ್ಕೋರ್ ಆಗಿವೆಯೇ, ಒಎಎಚ್‌ಐಯನ್ನು ಒಎಎಚ್‌ಐಗೇ ಹೋಲಿಸುತ್ತಿದ್ದೀರಾ, ಎರಡರಲ್ಲೂ ಮಗು ಮಲಗಿದ ಭಂಗಿ ಹೆಚ್ಚುಕಡಿಮೆ ಒಂದೇ ಇತ್ತೇ. ‘6ರಿಂದ 2ಕ್ಕೆ ಇಳಿದಿದೆ’ ಎಂದು ಬರೆದಿದ್ದು, ಮೊದಲ ರಾತ್ರಿ ರೆಮ್ 90 ನಿಮಿಷ, ಎರಡನೆಯದರಲ್ಲಿ 25 ನಿಮಿಷ ಇದ್ದರೆ, ರೆಮ್‌ನ ಗಂಟೆಗೆ ಎಷ್ಟು ಎಂಬುದನ್ನು ಎರಡಕ್ಕೂ ಬೇರೆಯಾಗಿ ಬರೆಸಿಕೊಂಡು ಬನ್ನಿ.